ಕಟ್ಟಿದ ಹಲ್ಲಿನ ಒಳಗಿನ ಎಲೆ

"ಬಾಯಿ ತೆಗೀರಿ."

ಅವನು ತೆಗೆಯಲಿಲ್ಲ. ಬಾಗಿಲ ಕಡೆ ನೋಡಿದ.

"ಬಾಗಿಲು ಹಾಕಿದೆ. ಈಗ ಬಾಯಿ ತೆಗೀರಿ. ಸೇತುವೆ ಮೇಲೆ ಸೈನ್ಯದ ಲಾರಿಗಳಿಗೆ ಬಸ್ಸು ಅಡ್ಡ ನಿಲ್ಲಿಸೋವಾಗ ಹೆದರಲಿಲ್ಲವಂತೆ..."

"ಅಲ್ಲಿ ಯಾರೂ ಇಕ್ಕಳ ಹಿಡ್ಕೊಂಡು ನಿಂತಿರಲಿಲ್ಲ."

ಅವಳಿಗೆ ನಗು ಬಂತು. ಅಪ್ಪ ಹೋದ ಮೇಲೆ ಆ ಕೋಣೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಅದು ಹಲ್ಲು ಕಟ್ಟುವ ಅಂಗಡಿ. ಮುಂದೆ ಗಿರಾಕಿಗಳೊಡನೆ ಮಾತಾಡಲು ಅಣ್ಣ, ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಅವಳು. ದೇಶವನ್ನು ಆಳುತ್ತಿದ್ದವರು ಹೊರಗಿನವರು. ಅವರ ಸೈನ್ಯ ಈ ಡ್ರೈವರ್‌ನ ಮುಖವನ್ನು ಊರಿನ ಗೋಡೆಗೋಡೆಗೂ ಅಂಟಿಸಿತ್ತು. ಆ ಮುಖವನ್ನು ಬದಲಾಯಿಸಬೇಕಿತ್ತು. ಕೆನ್ನೆ ಉಬ್ಬುವಂತೆ, ತುಟಿ ಮುಂದೆ ಬರುವಂತೆ, ಅವನ ಹಲ್ಲುಗಳ ಮೇಲೇ ಕೂರುವ ದಪ್ಪನೆಯ ಹಲ್ಲಿನ ಸೆಟ್ ಒಂದನ್ನು ಅವಳು ಮಾಡಿಕೊಟ್ಟಳು.

ಮುಂದಿನ ವಾರ ಅವನು ಮತ್ತೆ ಬಂದ. "ವಸಡಿಗೆ ತಾಗುತ್ತೆ."

ಅವಳು ಅರ ಹಾಕಿ ಸರಿ ಮಾಡಿದಳು. ಅದರ ಮುಂದಿನ ವಾರವೂ ಬಂದ.

"ಎಲ್ಲೂ ತಾಗ್ತಿಲ್ಲವಲ್ಲ?"

"ಇನ್ನೊಂದ್ಸಲ ನೋಡಿ. ನಿಧಾನವಾಗಿ ನೋಡಿ."

ಮುಂದಿನ ಕೋಣೆಯಿಂದ ಅಣ್ಣ ಕೂಗಿದ: "ಪುಟ್ಟೀ, ಡ್ರೈವರ್‌ಗೆ ಇರೋದು ಹಲ್ಲು ನೋವೋ, ಬೇರೆ ಏನಾದ್ರೂ ನೋವೋ? ಕೇಳು."

ಅವಳು ತಲೆ ತಗ್ಗಿಸಿದಳು. 'ಇವನು ಹುಷಾರಾಗಿ ಉಳಿದರೆ ಸಾಕು... ಬೇರೇನೂ ಬೇಡ.'

ಅಷ್ಟೂ ಸಿಗಲಿಲ್ಲ. ಒಂದು ಸಂಜೆ ತಪಾಸಣೆಯಲ್ಲಿ ಅವನು ಸಿಕ್ಕಿಬಿದ್ದ. ಮರುದಿನ ಬೆಳಿಗ್ಗೆ ಸೈನಿಕರು ನೇರವಾಗಿ ಅಂಗಡಿಗೆ ಬಂದರು. ಯಾರನ್ನೂ ವಿಚಾರಿಸಲಿಲ್ಲ, ದಾರಿ ತಪ್ಪಲಿಲ್ಲ. ಅಣ್ಣನನ್ನು ಎಳೆದುಕೊಂಡು ಹೋದರು.

ಈ ಅಂಗಡಿಯ ಸಂಗತಿ ಹೊರಗೆ ಗೊತ್ತಿದ್ದದ್ದು ಒಬ್ಬನಿಗೇ.

ಅಣ್ಣನನ್ನು ದೂರದ ಶಿಬಿರಕ್ಕೆ ಸಾಗಿಸಿದ್ದರು. ಅಲ್ಲಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಡ್ರೈವರ್‌ನನ್ನು ಊರಿನ ಜೈಲಿಗೆ ತಂದಾಗ ಅವಳು ಹೋಗಿ ಕಂಡಳು. ಕಂಬಿಯ ಆಚೆ ಅವನ ತುಟಿ ಊದಿಕೊಂಡಿತ್ತು.

"ನೀವು ಹೇಳಿದ್ರಾ?"

ಅವನು ಅವಳ ಕೈಗಳ ಕಡೆ ನೋಡಿದ.

"ಹೌದು. ಹೊಡೆತ ತಡೆಯೋಕಾಗ್ಲಿಲ್ಲ."

"ನಮ್ಮಣ್ಣ ನಿಮಗೆ ಮೈಮೇಲಿನ ಕೋಟು ಬಿಚ್ಚಿ ಕೊಟ್ಟಿದ್ದ."

"ಗೊತ್ತು. ಇನ್ಮೇಲೆ ಇಲ್ಲಿಗೆ ಬರಬೇಡಿ."

ಅವಳು ಮತ್ತೆ ಹೋಗಲಿಲ್ಲ. ಒಬ್ಬಳೇ ಅಂಗಡಿ ನಡೆಸಿದಳು. ಅವನನ್ನು ದ್ವೇಷಿಸುವುದು ಒಂದು ಕೆಲಸದಂತಾಯಿತು. ದಿನವೂ ಬೆಳಿಗ್ಗೆ ಹೊಸದಾಗಿ ಶುರು ಮಾಡಬೇಕಾಗುತ್ತಿತ್ತು.

ವರ್ಷಗಳು ಕಳೆದವು. ಬಂದೂಕಿನ ಮುಂದೆ ಬರಿಗೈಯಲ್ಲಿ ನಿಂತ ಜನರಲ್ಲಿ ಎಷ್ಟೋ ಮಂದಿ ಸತ್ತರು. ಉಳಿದವರು ಹಿಂದೆ ಸರಿಯಲಿಲ್ಲ. ಕೊನೆಗೆ ಹೊರಗಿನವರೇ ಗಂಟುಮೂಟೆ ಕಟ್ಟಿದರು. ಜೈಲುಗಳ ಬಾಗಿಲು ತೆರೆಯಿತು.

ಅಣ್ಣ ಮನೆಗೆ ಬಂದ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಉಂಡ, ಮಲಗಿದ, ಎದ್ದು ಚಹಾ ಕುಡಿಯುತ್ತಾ ಕೇಳಿದ:

"ಡ್ರೈವರ್ ಬಂದಿದ್ನಾ?"

"ಅವನ ಸುದ್ದಿ ಎತ್ತಬೇಡ. ನಿನ್ನನ್ನ ಹಿಡಿದುಕೊಟ್ಟವನು."

"ಯಾರು ಹೇಳಿದ್ದು?"

"ಅವನೇ."

ಅಣ್ಣ ಲೋಟ ಕೆಳಗಿಟ್ಟ. ನಗಲು ಹೋದ, ಕಣ್ಣು ತುಂಬಿತು.

"ಅವನು ಬಾಯೇ ಬಿಡಲಿಲ್ಲ ಕಣೇ. ಬಿಡಿಸೋಕೆ ಏನೇನು ಮಾಡಿದ್ರು ಅಂತ ಶಿಬಿರಕ್ಕೆ ಸಾಗಿಸೋ ಮುಂಚೆ ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸ್ತಿತ್ತು. ನಮ್ಮನ್ನ ಹಿಡಿದುಕೊಟ್ಟಿದ್ದು ಆ ಸೆಟ್ಟು. ಬಾಯಿಂದ ಕಿತ್ತು ನೋಡಿದಾರೆ... ಒಳಗೆ ಎಲೆ."

ಎಲೆ.

ಅಪ್ಪ ತಾನು ಕಟ್ಟಿದ ಪ್ರತಿ ಸೆಟ್ಟಿನ ಒಳಮೈಯಲ್ಲೂ ಒಂದು ಪುಟ್ಟ ಎಲೆ ಕೊರೆಯುತ್ತಿದ್ದ. ಅದು ಅಂಗಡಿಯ ಗುರುತು, ಹೊರಗಿನ ಬೋರ್ಡಿನ ಮೇಲೂ ಇತ್ತು. ಅಪ್ಪನಿಂದ ಕೆಲಸ ಕಲಿತ ಅವಳೂ ಕೊರೆಯುತ್ತಿದ್ದಳು. ಡ್ರೈವರ್‌ನ ಸೆಟ್ಟಿಗೂ ಕೊರೆದಿದ್ದಳು. ಬೇಕೆಂದಲ್ಲ. ಕೈ ತನ್ನಷ್ಟಕ್ಕೆ ಮಾಡಿ ಮುಗಿಸಿತ್ತು.

"ಹಾಗಾದ್ರೆ ನಾನು... ನಾನೇ ಅಣ್ಣಾ..."

"ಸುಮ್ನಿರು. ಮಾಡಿದ್ದು ನಾನೇ ಅಂದೆ, ನಂಬಿದ್ರು. ನನಗೆ ಅರ ಹಿಡಿಯೋಕೂ ಬರಲ್ಲ, ಅದು ಅವರಿಗೆಲ್ಲಿ ಗೊತ್ತು."

"ಅವನ್ಯಾಕೆ ತಾನೇ ಹೇಳಿದೆ ಅಂದ?"

"ಎಲೆ ವಿಷಯ ಅವತ್ತೇ ಗೊತ್ತಾಗಿದ್ರೆ ನೀನೇನು ಮಾಡ್ತಿದ್ದೆ?"

ಯೋಚಿಸುವ ಅಗತ್ಯವಿರಲಿಲ್ಲ. ನೇರವಾಗಿ ಅವರ ಕಚೇರಿಗೆ ಹೋಗಿ, ಕೈ ಮುಂದೆ ಚಾಚಿ, 'ಮಾಡಿದ್ದು ನಾನು, ನಮ್ಮಣ್ಣನ್ನ ಬಿಡಿ' ಎನ್ನುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

ಬಿಡುಗಡೆಯಾದವರನ್ನು ಅವರವರ ಮನೆಗೆ ತಲುಪಿಸಲು ಡ್ರೈವರ್ ಹಳೆಯ ಬಸ್ಸೊಂದನ್ನು ಓಡಿಸುತ್ತಿದ್ದಾನೆ ಎಂದು ಅಣ್ಣ ಹೇಳಿದ. ಅವಳು ಅಡುಗೆ ಮುಗಿಸಿದಳು. ನಿಲ್ದಾಣಕ್ಕೆ ಹೋಗಿ ಆ ಬಸ್ಸು ಹತ್ತಿ, ಅವನ ಹಿಂದಿನ ಸೀಟಿನಲ್ಲಿ ಕುಳಿತಳು.

ಜನ ಒಬ್ಬೊಬ್ಬರಾಗಿ ಇಳಿದರು. ಪ್ರತಿ ಬಾಗಿಲಲ್ಲೂ ಯಾರೋ ಓಡಿ ಬಂದು ಯಾರನ್ನೋ ತಬ್ಬಿಕೊಂಡರು. ಕೊನೆಗೆ ಬಸ್ಸಿನಲ್ಲಿ ಅವಳೊಬ್ಬಳೇ ಉಳಿದಳು.

"ನೀವೆಲ್ಲಿ ಇಳೀತೀರಿ?" ಅವನು ತಿರುಗದೆ ಕೇಳಿದ. ಮಾತು ತೊದಲುತ್ತಿತ್ತು. ಮುಂದಿನ ಹಲ್ಲುಗಳಿರಲಿಲ್ಲ.

"ಸುಳ್ಳು ಯಾಕೆ ಹೇಳಿದ್ರಿ?"

ಬಸ್ಸು ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು.

"ಎಲೆ ಕೊರೆದ ತಪ್ಪು ನನ್ನದು. ಅದನ್ನ ಹೊರೋಕೆ ನಿಮ್ಮನ್ನ ಯಾರು ಕರೆದಿದ್ರು?"

"ನಿಮಗೆ ಬಿಟ್ಟಿದ್ರೆ ಒಳಗಿರ್ತಿದ್ರಿ."

"ಇರ್ತಿದ್ದೆ."

"ಅದಕ್ಕೇ."

ಇಷ್ಟು ವರ್ಷ ಎಲ್ಲಿತ್ತೋ... ಅವಳಿಗೆ ಅಳು ಬಂತು. ತಡೆಯಲಿಲ್ಲ. ಎದೆಯ ಮೇಲಿಂದ ಯಾರೋ ಕಲ್ಲೊಂದನ್ನು ಎತ್ತಿದ ಹಾಗಿತ್ತು.

"ನಿಮ್ಮನ್ನ ದಿನಾ ಬೈದಿದ್ದೀನಿ."

"ದಿನಾ ನೆನೆಸ್ಕೊಂಡೆ ಅನ್ನಿ."

ಅವಳು ಅಳುತ್ತಲೇ ನಕ್ಕಳು. "ಇನ್ಮೇಲೆ ನನ್ನ ವಿಷಯ ನೀವೊಬ್ಬರೇ ತೀರ್ಮಾನ ಮಾಡಬಾರದು."

ಅವನು ಆಗ ತಿರುಗಿದ. ಕೆನ್ನೆಗಳು ಒಳಗೆ ಹೋಗಿದ್ದವು. ಗೋಡೆಗೆ ಅಂಟಿಸಿದ್ದ ಮುಖ ಅದಲ್ಲ, ಅವಳು ಕಟ್ಟಿಕೊಟ್ಟ ಮುಖವೂ ಅಲ್ಲ.

"ಇನ್ಮೇಲೆ ಅಂದ್ರೆ?"

"ಅಂದ್ರೆ... ಇನ್ಮೇಲೆ. ಎಲ್ಲಾ ದಿನ."

ಅವನ ಕೈ ಇನ್ನೂ ಸ್ಟೇರಿಂಗ್ ಮೇಲೇ ಇತ್ತು. ಅವಳು ಅದರ ಮೇಲೆ ತನ್ನ ಕೈಯಿಟ್ಟಳು.

"ಹಾಗಾದ್ರೆ ಕೇಳೇಬಿಡ್ತೀನಿ. ಬಸ್ಸು ಎತ್ತ ತಿರುಗಿಸ್ಲಿ?"

"ಮನೆಗೆ. ಅಣ್ಣ ಊಟಕ್ಕೆ ಕಾಯ್ತಿದ್ದಾನೆ."

"ನನಗೆ ಗಟ್ಟಿ ಏನೂ ಅಗಿಯೋಕಾಗಲ್ಲ."

"ಗೊತ್ತು," ಎಂದಳು ಅವಳು. "ಮೆತ್ತಗೆ ಬೇಯಿಸಿಟ್ಟೇ ಬಂದಿದ್ದೀನಿ."