ವೇದಮ್ಮನವರ ಮಡಿ ಸೀರೆ

ಅರವತ್ತೆರಡನೇ ಇಸವಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಾವು ಮಹಡಿಯಲ್ಲಿದ್ದೆವು, ಕೆಳಗೆ ವೇದಮ್ಮ ಒಬ್ಬರೇ. ನಮ್ಮ ನೀರು ಸೋರಿ ಗಳದ ಮೇಲೆ ಒಣಹಾಕಿದ ಮಡಿ ಸೀರೆ ಮೈಲಿಗೆಯಾಗುತ್ತದೆಂದು ದಿನಾ ಜಗಳ. ಇನ್ನೊಮ್ಮೆ ಸೋರಿದರೆ ಮನೆ ಖಾಲಿ ಮಾಡಿ ಎಂದಿದ್ದರು ಮನೆ ಒಡತಿ ಕಲ್ಲಮ್ಮ.

ಒಂದು ಬೆಳಿಗ್ಗೆ ನಾನಿನ್ನೂ ಬಾವಿಯಿಂದ ನೀರೇ ತಂದಿರಲಿಲ್ಲ.

"ಮಹಾಂತಮ್ಮ, ಬಂದು ನೋಡು ನಿನ್ನ ಘನಂದಾರಿ ಕೆಲಸಾನ!" ಎಂದು ಕೆಳಗಿನಿಂದ ವೇದಮ್ಮ ನನ್ನನ್ನು ಕೂಗಿದರು.

ಇಳಿದು ಹೋದೆ. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೂರಿನ ಹಲಗೆಯ ಜೇಡರ ಬಲೆ ಕೂಡ ನೆನೆದಿರಲಿಲ್ಲ.

"ಮೇಲೆಲ್ಲ ಒಣಗಿದೆಯಲ್ರೀ," ಎಂದೆ.

ನನ್ನನ್ನು ಎಂದೂ ಹೊಸಿಲು ದಾಟಗೊಡದವರು, "ಮಡಿ ಹೋದ್ರೆ ಹೋಗ್ಲಿ, ಮುಟ್ಟಿ ನೋಡೇ," ಎಂದರು.

ಆಗಷ್ಟೇ ಯಾರೋ ಮೈಮೇಲಿಂದ ಬಿಚ್ಚಿಟ್ಟ ಹಾಗೆ ಸೀರೆ ಬೆಚ್ಚಗಿತ್ತು.

ಆ ನೀರು ಮಹಡಿಯವರದಲ್ಲ ಎಂದು ಕಲ್ಲಮ್ಮನಿಗೆ ವೇದಮ್ಮನೇ ಹೇಳಿದರು. ಮತ್ತೆ ಯಾರದೆಂದು ಕಲ್ಲಮ್ಮ ಕೇಳಲಿಲ್ಲ. ಅವರೂ ಸೀರೆ ಮುಟ್ಟಿ ನೋಡಿದ್ದರು.