ಬೆಳಿಗ್ಗೆ ಎಂಟರ ನೀರು

"ಈ ಪಟ್ಟಿ ಮಾಡಿದ ಮಹಾನುಭಾವರು ಯಾರು?"

ಸಭೆಯಲ್ಲಿದ್ದ ಇಪ್ಪತ್ತು ತಲೆಗಳೂ ಒಟ್ಟಿಗೆ ಅವಳತ್ತ ತಿರುಗಿದವು.

"ನಾನೇ. ಏನೀಗ?"

"ಅಣೆಕಟ್ಟಿನ ಕೆಳಗೆ ನನ್ನ ತಂಡ ಪರೀಕ್ಷೆಗೆ ಬೆಳಿಗ್ಗೆ ನೀರು ಹಿಡೀಬೇಕು, ಮೀನಿನ ತಂಡ ಸಂಜೆ ಹಿಡೀಬೇಕು. ಹೊತ್ತು ಬದಲಾದ್ರೆ ಅದು ಬೇರೇನೇ ನದಿ ಮೇಡಂ! ದಿನ ಬೇರೆ ಇರಲಿ, ಹೊತ್ತು ಒಂದೇ ಇರಬೇಕು. ಇಲ್ಲಾಂದ್ರೆ ಈ ಜಂಟಿ ಅಧ್ಯಯನಾನೂ ಬೇಡ, ನಾನೂ ಬೇಡ."

ಅಷ್ಟು ಹೇಳಿ ನೀರಿನ ತಂಡದ ಮುಖ್ಯಸ್ಥ ಕೂತ. ಅವಳ ಕಿವಿ ಕೆಂಪಗಾಯಿತು. 'ಎಷ್ಟು ಸೊಕ್ಕು! ಕಣ್ಣು ಮಾತ್ರ ಪರವಾಗಿಲ್ಲ...' ಅಂದುಕೊಂಡವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಎಲ್ಲ ತಂಡಗಳಿಗೂ ಸಂಜೆ ಐದು ಗಂಟೆ ಎಂದು ತಿದ್ದಿದಳು. ಕೆಳಗೆ ಒಂದು ನಿಯಮವನ್ನೂ ಬರೆದಳು: ಸಮಿತಿಗೆ ತಿಳಿಸದೆ ಹೊತ್ತು ಬದಲಿಸಿದವರು ಅಧ್ಯಯನದಿಂದ ಹೊರಗೆ. ಅವನ ಮುಖ ನೋಡುತ್ತಲೇ ಅದಕ್ಕೆ ಎರಡು ಗೆರೆ ಎಳೆದಳು.

ಅವಳು ವಿಜ್ಞಾನಿಯಲ್ಲ, ಸಂಯೋಜಕಿ. ಅಣೆಕಟ್ಟು ಕಟ್ಟಿದ ಮೇಲೆ ನದಿಗೆ ಏನಾಯಿತು ಎಂದು ತಿಳಿಯಲು ಐದು ಸಂಸ್ಥೆಗಳ ಐದು ತಂಡಗಳನ್ನು ಒಂದೇ ಮೇಜಿಗೆ ಕೂರಿಸುವುದು ಅವಳ ಕೆಲಸ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ! ಮಣ್ಣಿನವರನ್ನು ಕೂರಿಸುವಷ್ಟರಲ್ಲಿ ಮೀನಿನವರು ಎದ್ದಿರುತ್ತಾರೆ. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಪಟ್ಟಿ ಮೇಡಂ' ಅನ್ನುತ್ತಿದ್ದರು.

ವಾರಕ್ಕೊಮ್ಮೆ, ಬುಧವಾರ, ಅವಳು ಅಣೆಕಟ್ಟಿನ ಗೆಸ್ಟ್ ಹೌಸಿಗೆ ಬರುತ್ತಿದ್ದಳು. ನೀರಿನ ತಂಡದ ಸರದಿಯೂ ಬುಧವಾರವೇ. ಅಣೆಕಟ್ಟಿನ ಯಂತ್ರಗಳು ದುರಸ್ತಿಯಲ್ಲಿದ್ದ ಆ ಮೊದಲ ವಾರಗಳು ಬರೀ ತಾಲೀಮು, ಅಂಕಿಗಳು ಲೆಕ್ಕಕ್ಕಿರಲಿಲ್ಲ. ಅವನು ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬರುವಾಗ ರಾತ್ರಿ ಎಂಟಾಗುತ್ತಿತ್ತು. ಬಾಟಲಿಗಳನ್ನು ಐಸ್ ಪೆಟ್ಟಿಗೆಗೆ ಇಳಿಸಿ, ಕೂತಲ್ಲೇ ತೂಕಡಿಸುತ್ತಿದ್ದ. ಮೊದಮೊದಲು ಜಗಳ. ಆಮೇಲೆ ಟೀ. ಆಮೇಲೆ... ಬುಧವಾರ ಬರಲಿ ಎಂದು ಅವಳು ಗುರುವಾರದಿಂದಲೇ ಕಾಯತೊಡಗಿದಳು.

"ವಾರಕ್ಕೆ ಒಂದೇ ಸಂಜೆ ಸಿಗ್ತೀಯ. ಅದನ್ನೂ ನದಿಗೆ ಕೊಡ್ತೀಯ," ಅಂದಳು ಒಮ್ಮೆ.

"ಪಟ್ಟಿ ನಿನ್ನ ಕೈಲೇ ಇದೆ ತಾಯಿ," ಅವನು ನಕ್ಕ. "ಆದ್ರೆ ಬದಲಾಯಿಸಿದ್ರೆ ಎಲ್ಲರಿಗೂ ಬದಲಾಯಿಸಬೇಕು."

"ಎಲ್ಲರಿಗೂ ನಾನು ಹೇಳ್ತೀನಿ ಬಿಡು."

ಅವನ ಪ್ರತಿಯಲ್ಲಿ ಐದನ್ನು ಹೊಡೆದು, ಪೆನ್ಸಿಲಿನಲ್ಲಿ 'ಬೆಳಿಗ್ಗೆ ಎಂಟು' ಎಂದು ಬರೆದುಕೊಟ್ಟಳು. ಉಳಿದವರಿಗೆ ಹೇಳಬೇಕು ಅಂತಲೇ ಇದ್ದಳು. ನಾಳೆ ಅಂದಳು, ನಾಡಿದ್ದು ಅಂದಳು, ಮರೆತಳು. ಸುಖದಲ್ಲಿರುವವರಿಗೆ ಮರೆವು ಜಾಸ್ತಿ.

ಲೆಕ್ಕ ಶುರುವಾದ ಮೇಲೆ ಆರು ತಿಂಗಳು ಯಾವ ತಂಡವೂ ಇನ್ನೊಂದು ತಂಡದ ಅಂಕಿಗಳನ್ನು ನೋಡಬಾರದು ಎಂಬುದು ಒಪ್ಪಂದ. ಆ ಆರು ತಿಂಗಳು ಅವಳ ಬದುಕಿನ ಚಿನ್ನದಂಥ ದಿನಗಳು. ಸಂಜೆಯ ಬಿಸಿಲು, ಎರಡು ಬೆತ್ತದ ಕುರ್ಚಿ, ಅವನ ಮುಗಿಯದ ಹರಟೆ.

"ವರದಿ ಮುಗೀಲಿ. ನಿಮ್ಮಮ್ಮನ ಹತ್ತಿರ ಬಂದು ಮಾತಾಡ್ತೀನಿ," ಅಂದಿದ್ದ. ಅವಳು ತಲೆ ತಗ್ಗಿಸಿ ಬಿಸ್ಕತ್ತು ಮುರಿದಿದ್ದಳು.

ಆರನೇ ತಿಂಗಳ ಕೊನೆಗೆ ಅಂಕಿಗಳನ್ನು ಗೋಡೆಯ ಮೇಲೆ ಹಾಕಿದರು.

ಮೀನಿನ ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಮೀನಕ್ಕ ಅನ್ನುತ್ತಿದ್ದರು. ಐವತ್ತು ದಾಟಿದ, ಬಾಯಿ ಬಿಟ್ಟರೆ ಬೆಂಕಿ ಕಾರುವ ಹೆಂಗಸು. ಅವಳ ಲೆಕ್ಕದಲ್ಲಿ ಅಣೆಕಟ್ಟಿನ ಕೆಳಗಿನ ನೀರಲ್ಲಿ ಉಸಿರಾಡಲು ಆಮ್ಲಜನಕವೇ ಇರಲಿಲ್ಲ, ಬಲೆಯಲ್ಲಿ ಬಿಟ್ಟ ಮೀನುಗಳೆಲ್ಲ ಸತ್ತಿದ್ದವು. ಅವನ ಲೆಕ್ಕದಲ್ಲಿ ಅದೇ ಜಾಗದ ನೀರು ಕುಡಿಯುವಷ್ಟು ಚೆನ್ನಾಗಿತ್ತು.

"ಎಷ್ಟು ಹೊತ್ತಿಗೆ ಹಿಡಿದಿರಿ?" ಅವನು ಕೇಳಿದ.

"ಪಟ್ಟಿಯಲ್ಲಿರೋ ಹೊತ್ತಿಗೇ! ನಿನ್ನ ಹಾಗೆ ಅಂದ್ಕೊಂಡ್ಯಾ?"

"ನಾನೂ ಪಟ್ಟಿಯಲ್ಲಿರೋ ಹೊತ್ತಿಗೇ ಹಿಡಿದಿದ್ದು."

ಓದುಗರೇ, ನಿಮಗೆ ಹೊಳೆದಿದೆ. ಅವಳಿಗೆ ಹೊಳೆಯಲಿಲ್ಲ. ಯಾಕೆಂದರೆ ಅದೇ ಗಳಿಗೆಯಲ್ಲಿ ಮೀನಕ್ಕ ಇನ್ನೊಂದು ಬಾಂಬು ಹಾಕಿದಳು. "ಅಣೆಕಟ್ಟಿನ ಎಂಜಿನಿಯರ್ ಇವನ ಸ್ವಂತ ಭಾವ! ಅಕ್ಕನ ಗಂಡ! ಮತ್ತೆ ನೀರು ಚೆನ್ನಾಗಿರದೆ ಇನ್ನೇನು?"

ಆರು ತಿಂಗಳು... ಊರ ಸುದ್ದಿಯೆಲ್ಲ ಹೇಳಿದವನು ಇದೊಂದನ್ನು ಹೇಳಲಿಲ್ಲ!

ಪಟ್ಟಿ ಮೇಡಂ ಎದ್ದು ನಿಂತಳು. "ಯಾಕೆ ಮುಚ್ಚಿಟ್ರಿ?"

"ಮುಚ್ಚಿಟ್ಟಿಲ್ಲ. ಭಾವನ ಜೊತೆ ಎರಡು ವರ್ಷದಿಂದ ಮಾತೇ ಇಲ್ಲ. ಹೇಳೋ ಅಂಥದ್ದು ಏನಿತ್ತು?"

"ಅಂಕಿಗಳನ್ನೂ ಭಾವನೇ ಬರೆದುಕೊಟ್ರಾ?"

ಇಪ್ಪತ್ತು ಜನರ ಮುಂದೆ ಕೇಳಿದಳು. ಅವನು ಅವಳನ್ನೇ ನೋಡಿದ. ಆ ನೋಟವನ್ನು ಅವಳು ತಪ್ಪೊಪ್ಪಿಗೆ ಅಂದುಕೊಂಡಳು. ಅವನನ್ನು ಹೊರಹಾಕುವ ಕಾಗದಕ್ಕೆ ಮೊದಲ ಸಹಿ ಅವಳದೇ ಬಿತ್ತು.

ಮೊಗಸಾಲೆಯಲ್ಲಿ ಅವನು ತಡೆದು ನಿಲ್ಲಿಸಿದಾಗ ಇನ್ನೂ ಒಂದು ಮಾತು ಅಂದಳು. "ನನ್ನ ಜೊತೆ ಕೂತಿದ್ದೂ ಅದಕ್ಕೇನಾ? ನನ್ನ ಕಣ್ಣಿಗೆ ಮಣ್ಣೆರಚೋಕೆ?"

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ವಾರದೊಳಗೆ ಪತ್ರಿಕೆಯಲ್ಲಿ 'ಮಾರಿಕೊಂಡ ವಿಜ್ಞಾನಿ' ಎಂದು ಬಂತು. ಕಾಲೇಜಿನವರು ಅವನನ್ನು ಕೆಲಸದಿಂದ ತೆಗೆದರು. ಸಮಿತಿಯ ಅಧ್ಯಕ್ಷರು, ನಿವೃತ್ತ ಪ್ರೊಫೆಸರು, ತುಂಬಿದ ಸಭೆಯಲ್ಲಿ ಅವಳನ್ನು ಹೊಗಳಿದರು. "ಪಟ್ಟಿ ಮೇಡಂ ಅಂದ್ರೆ ನಿಷ್ಠುರ!" ಚಪ್ಪಾಳೆ ಬಿತ್ತು. ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಎರಡು ತಿಂಗಳ ಮೇಲೆ ಮೀನಕ್ಕನ ಬಲೆಗಳನ್ನು ವಾಪಸ್ ತರಲು ಅವಳೂ ಮೀನಕ್ಕನೂ ನದಿಗೆ ಹೋದರು. ಐದಕ್ಕಿಂತ ಬೇಗ ಹೋಗಿದ್ದರು, ನೀರು ತಿಳಿಯಾಗಿತ್ತು, ತಳದ ಕಲ್ಲುಗಳು ಕಾಣುತ್ತಿದ್ದವು. ನಾಲ್ಕೂವರೆಗೆ ಮೇಲಿನಿಂದ ಸೈರನ್ ಕೂಗಿತು. ನೀರು ಏರಿತು. ಜೊತೆಗೇ ಕೊಳೆತ ಮೊಟ್ಟೆಯ ನಾತ!

"ಏನಿದು ಅಕ್ಕ?"

"ಕರೆಂಟ್ ತೆಗೆಯೋ ಯಂತ್ರ ಶುರುವಾಯ್ತಲ್ಲ. ದಿನಾ ಇದೇ ಹೊತ್ತು. ಜಲಾಶಯದ ತಳದ ಸತ್ತ ನೀರನ್ನ ಬಿಡ್ತಾರೆ. ರಾತ್ರಿ ನಿಲ್ಲಿಸ್ತಾರೆ, ಬೆಳಿಗ್ಗೆ ಹೊತ್ತಿಗೆ ಮತ್ತೆ ತಿಳಿಯಾಗಿರುತ್ತೆ. ಬೆಳಿಗ್ಗೆ ಬಲೆಗೆ ಬಿಟ್ಟಿದ್ರೆ ನನ್ನ ಮೀನೂ ಬದುಕ್ತಿತ್ತೇನೋ..."

ಬೆಳಿಗ್ಗೆ! ಪೆನ್ಸಿಲಿನ ಎಂಟು ಅವಳ ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಬಲೆ ಜಾರಿ ನೀರಿಗೆ ಬಿತ್ತು.

ಅವನು ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಅವನ ಜೊತೆ ಕೂತು ಟೀ ಕುಡಿಯುವ ಆಸೆಗೆ ಹೊತ್ತು ಬದಲಿಸಿದ್ದು ಅವಳು. ಮರೆತಿದ್ದೂ ಅವಳು. ಕಳ್ಳ ಅಂದಿದ್ದೂ ಅವಳೇ.

ಮನೆಯಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡಳು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸುಮ್ಮನಿರು. ಪೆನ್ಸಿಲ್ ಬರಹ ತಾನೆ, ಯಾರು ಕೇಳ್ತಾರೆ? ನೀನೇ ಬರೆದ ನಿಯಮ ನಿನ್ನ ಕುತ್ತಿಗೆಗೇ ಬರುತ್ತೆ ಕಣೇ."

"ಅವನ ಕುತ್ತಿಗೆಗೆ ಬಂದಿದೆಯಲ್ಲಮ್ಮ."

"ಅವನು ಗಂಡಸು, ಎಲ್ಲಾದ್ರೂ ಬದುಕ್ತಾನೆ."

ಅವನು ಊರಾಚೆಯ ಒಂದು ಕುಡಿಯುವ ನೀರಿನ ಕಾರ್ಖಾನೆಯಲ್ಲಿ ಬದುಕುತ್ತಿದ್ದ. ಪ್ಲಾಸ್ಟಿಕ್ ಕ್ಯಾನುಗಳ ಸಾಲಿನ ಮಧ್ಯೆ ಕೂತು ದಿನಕ್ಕೆ ಇನ್ನೂರು ಮುಚ್ಚಳ ಪರೀಕ್ಷಿಸುವ ಕೆಲಸ. ಅವಳು ಬಿಕ್ಕುತ್ತಾ ಎಲ್ಲ ಹೇಳಿದಳು. ಅವನು ಕೆಲಸ ನಿಲ್ಲಿಸಲಿಲ್ಲ.

"ನನಗೆ ಮೊದಲೇ ಗೊತ್ತಿತ್ತು," ಅಂದ. "ಹೊರಹಾಕಿದ ಮರುದಿನವೇ ನನ್ನ ಪ್ರತಿಯನ್ನ ಮೀನಿನ ತಂಡದ ಪ್ರತಿಯ ಪಕ್ಕ ಇಟ್ಟು ನೋಡಿದೆ."

"ಯಾಕೆ ಹೇಳಲಿಲ್ಲ?"

"ನೀವೇ ಬರ್ತೀರಾ ಅಂತ ನೋಡ್ತಿದ್ದೆ. ಎರಡು ತಿಂಗಳು ಬೇಕಾಯ್ತು ನಿಮಗೆ."

ಅವನ ಬಾಯಲ್ಲಿ 'ನೀವು' ಕೇಳಿ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಕ್ಷಮಿಸು... ಏನು ಬೇಕಾದ್ರೂ ಮಾಡ್ತೀನಿ."

"ಈ ಕ್ಯಾನುಗಳ ಮುಂದೆ ಅತ್ತು ಏನು ಪ್ರಯೋಜನ? ಇಪ್ಪತ್ತು ಜನರ ಮುಂದೆ ಕೇಳಿದ್ರಿ. ಅವರ ಮುಂದೆಯೇ ಹೇಳಿ. ಯಾಕೆ ಬದಲಾಯಿಸಿದ್ರಿ ಅನ್ನೋದನ್ನೂ ಹೇಳಿ. ಒಂದು ಅಕ್ಷರ ಬಿಡಬೇಡಿ." ಮುಂದಿನ ಕ್ಯಾನನ್ನು ಎಳೆದುಕೊಂಡ.

ಸಭೆಯ ದಿನ ಅವನು ಕೊನೆಯ ಸಾಲಿನಲ್ಲಿ ಬಂದು ಕೂತಿದ್ದ. ಅವಳು ಎದ್ದು ನಿಂತು ಒಂದೊಂದೇ ಹೇಳಿದಳು.

"ಯಾಕಮ್ಮ ಬದಲಾಯಿಸಿದ್ರಿ?" ಅಧ್ಯಕ್ಷರು ಕನ್ನಡಕ ತೆಗೆದರು.

"ಸಂಜೆ... ಅವರ ಜೊತೆ ಕೂತ್ಕೊಳ್ಳೋಕೆ ಸಾರ್."

"ಅರ್ಥ ಆಗಲಿಲ್ಲ."

"ಪ್ರೀತಿಸ್ತಿದ್ದೆ ಸಾರ್. ಟೀ ಕುಡೀತಾ ಮಾತಾಡೋಕೆ ವಾರಕ್ಕೆ ಒಂದೇ ಸಂಜೆ ಇತ್ತು."

ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಮೇಜು ನಕ್ಕಿತು. ಅಣೆಕಟ್ಟಿನ ಕಡೆಯಿಂದ ಬಂದಿದ್ದ ಅವನ ಭಾವ ಕಣ್ಣೊರೆಸಿಕೊಂಡು ನಕ್ಕ. "ಟೀ ಕುಡಿಯೋರ ಅಧ್ಯಯನ! ಎಲ್ಲ ರದ್ದು ಮಾಡಿ ಸಾರ್."

"ರದ್ದಾ?" ಮೀನಕ್ಕ ಮೇಜು ಗುದ್ದಿದಳು. "ನೀರು ಕೆಟ್ಟಿದ್ರೂ ಅದು ಅಣೆಕಟ್ಟಿನಿಂದ ಅಲ್ಲ ಅಂತ ತಾನೇ ನೀವು ಹೇಳ್ತಿದ್ದಿದ್ದು? ಬೆಳಿಗ್ಗೆ ಚೆನ್ನಾಗಿದ್ದ ನೀರು ನಿಮ್ಮ ಯಂತ್ರ ಶುರುವಾದ್ಮೇಲೆ ಸಾಯುತ್ತೆ ಅಂತ ಈಗ ಆರು ತಿಂಗಳ ಸಾಕ್ಷಿ ಇದೆ. ಅವನ ಬೆಳಿಗ್ಗೆ, ನನ್ನ ಸಂಜೆ, ಎರಡೂ ವರದಿಗೆ ಹೋಗುತ್ತೆ!"

ನಗು ನಿಂತಿತು. ಅವನ ಹೆಸರು ವರದಿಗೆ ಮರಳಿತು. ಅವಳು ಬರೆದ ನಿಯಮವನ್ನು ಅಧ್ಯಕ್ಷರು ಗಟ್ಟಿಯಾಗಿ ಓದಿ ಅವಳ ಹೆಸರನ್ನು ಹೊಡೆದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೆಟ್ಟಿಲ ಮೇಲೆ ಅವಳು ಚೀಲ ಹಿಡಿದು ನಿಂತಿದ್ದಾಗ ಅವನು ಹಿಂದೆ ಬಂದ.

"ಸಮಾಧಾನ ಆಯ್ತಾ?" ಕೇಳಿದಳು.

"ಆಗುತ್ತೆ ಅಂದ್ಕೊಂಡಿದ್ದೆ... ಅವರು ನಕ್ಕಾಗ ಮೇಜು ಎತ್ತಿ ಹಾಕಬೇಕು ಅನ್ನಿಸ್ತು."

"ಹಾಕಲಿಲ್ಲವಲ್ಲ."

"ಇಲ್ಲ. ನಿನಗೂ ಸ್ವಲ್ಪ ನೋಯಲಿ ಅಂತ ಕೂತಿದ್ದೆ. ನಾನು ಅಷ್ಟು ಒಳ್ಳೆಯವನಲ್ಲ. ನಿನ್ನನ್ನ ಇನ್ನೂ ಕ್ಷಮಿಸಿಲ್ಲ ಕಣೇ."

"ಗೊತ್ತು. ಕಾಯ್ತೀನಿ."

"ವರ್ಷಗಟ್ಟಲೆ ಆಗಬಹುದು."

"ಆಗಲಿ."

"ಎಲ್ಲಿ ಕಾಯ್ತೀಯ? ಕೆಲಸಾನೂ ಹೋಯ್ತು."

"ನೀನು ಹೇಳಿದ ಕಡೆ."

ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡ.

"ನಮ್ಮ ಮನೇಲಿ ಕಾಯಿ. ಮದುವೆ ಮಾಡ್ಕೊಂಡು."

ಅವಳಿಗೆ ಅಳು ಉಕ್ಕಿ ಬಂತು. "ಕ್ಷಮಿಸದೇನೇ ಮದುವೆಯಾ?"

"ನಮ್ಮಪ್ಪ ಅಮ್ಮ ಮೂವತ್ತು ವರ್ಷದಿಂದ ಹಾಗೇ ಇದ್ದಾರೆ," ಅಂದ ಅವನು. "ಮೆಟ್ಟಿಲು ನೋಡ್ಕೊಂಡು ಇಳಿ."