ನಾನು ಇಲಿ

ಪುಟ್ಟಿ ಶಾಲೆಯಿಂದ ಬಂದು ಬ್ಯಾಗನ್ನು ದೊಪ್ಪೆಂದು ಎಸೆದರೂ ಅಮ್ಮ ತಿರುಗಲಿಲ್ಲ. ಹೊಲಿಗೆ ಮಷೀನಿನ ಮುಂದೆ ಕೂತು, ಫೋನ್ ನೋಡಿಕೊಂಡು ಒಬ್ಬಳೇ ನಗುತ್ತಿದ್ದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು.

ಇನ್ಯಾರು, ಅದೇ ಗ್ರೂಪು! ಬೇರೆ ಬೇರೆ ಊರಿನ ಟೈಲರುಗಳೆಲ್ಲ ಸೇರಿಕೊಂಡ ಆನ್‌ಲೈನ್ ಗ್ರೂಪು. ಪುಟ್ಟಿ ಕೈಕೂಸಾಗಿದ್ದಾಗಿನಿಂದ ಅಮ್ಮ ಅದರಲ್ಲಿದ್ದಳು. ಯಾರಾದರೂ ಹೊಲಿದ ಅಂಗಿಯ ಫೋಟೋ ಹಾಕಿದರೆ ಸಾಕು, "ತೋಳು ಎಣಿಸಿದ್ರಾ?" ಎಂದು ಉಳಿದವರು ಕೇಳುತ್ತಿದ್ದರು. ಯಾವ ಕಾಲದಲ್ಲೋ ಕತ್ತರಿ ಮಾವ ಅನ್ನುವವರು ಒಂದೇ ಅಂಗಿಗೆ ಮೂರು ತೋಳು ಕತ್ತರಿಸಿಟ್ಟಿದ್ದರಂತೆ. ಅದರಲ್ಲಿ ಇಷ್ಟು ನಗುವಂಥದ್ದೇನಿದೆಯೋ, ಪುಟ್ಟಿಗಂತೂ ತಿಳಿಯುತ್ತಿರಲಿಲ್ಲ.

ಇವತ್ತು ಅವಳಿಗೆ ಯಾರ ನಗುವೂ ಬೇಕಿರಲಿಲ್ಲ. ಹೊಸ ಶಾಲೆಯಲ್ಲಿ ಮಿಸ್ ಅವಳನ್ನು ಬೋರ್ಡಿಗೆ ಕರೆದಿದ್ದರು. 'ನಮ್ಮದು ಪುಟ್ಟ ಹಳ್ಳಿ' ಎಂದು ಬರೆಯಬೇಕಿತ್ತು. ಗಡಿಬಿಡಿಯಲ್ಲಿ 'ನಮ್ಮದು ಪುಟ್ಟ ಹಲ್ಲಿ' ಎಂದು ಬರೆದುಬಿಟ್ಟಳು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಆಮೇಲೆ ಅವಳು ಎಲ್ಲಿ ಹೋದರೂ "ಲೊಚ್ ಲೊಚ್!" ಊಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಒಬ್ಬಳೇ ಕೂತು ಡಬ್ಬಿ ಖಾಲಿ ಮಾಡಿದಳು. ನಾಳೆ ಶಾಲೆಗೇ ಹೋಗುವುದಿಲ್ಲ ಎಂದು ಆಗಲೇ ನಿರ್ಧಾರ ಮಾಡಿದ್ದಳು. ಅಮ್ಮನಿಗೆ ಹೇಗೆ ಹೇಳುವುದು ಎಂಬುದು ಮಾತ್ರ ಗೊತ್ತಿರಲಿಲ್ಲ.

"ಏನಮ್ಮಾ ಅಷ್ಟೊಂದು ನಗು?" ಎಂದಳು ಸಿಡುಕಿನಿಂದ.

ಅಮ್ಮ ಫೋನ್ ತೋರಿಸಿದಳು. ಬಟನ್ ಅಕ್ಕ ಅನ್ನುವವರು "ಯಾರಿದ್ದೀರಿ?" ಎಂದು ಕೇಳಿದ್ದರು. ಅದರ ಕೆಳಗೆ ಸಾಲಾಗಿ, "ನಾನು ಇಲಿ", "ನಾನೂ ಇಲಿ", "ತೋಳು ಎಣಿಸುತ್ತಿರುವ ಇಲಿ".

"ಇವರಿಗೆ 'ಇಲ್ಲಿ' ಅಂತ ಬರೆಯೋಕೂ ಬರಲ್ವಾ?"

"ಆ ತಪ್ಪು ಮಾಡಿದ್ದು ನಾನೇ ಕಣೇ."

ಅಮ್ಮ ಗ್ರೂಪಿಗೆ ಸೇರಿದ ಹೊಸತಂತೆ. ಒಂದು ಕೈಯಲ್ಲಿ ಪುಟ್ಟಿ, ಇನ್ನೊಂದು ಕೈಯಲ್ಲಿ ಫೋನು. "ನಾನು ಇಲ್ಲಿ" ಎನ್ನಲು ಹೋಗಿ "ನಾನು ಇಲಿ" ಎಂದು ಕಳಿಸಿಬಿಟ್ಟಳು. ಎಲ್ಲರೂ ನಕ್ಕರು. ಅಮ್ಮನಿಗೆ ಅಳುವೇ ಬಂತು. ಇನ್ನು ಈ ಗ್ರೂಪಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದುಕೊಂಡಳಂತೆ.

"ಆಮೇಲೆ?"

"ಒಂದಿನ ತಡೀಲಾರದೆ ತೆಗೆದು ನೋಡಿದೆ. ಬಟನ್ ಅಕ್ಕ ಬರೆದಿದ್ರು, 'ಇಲಿಮರಿ ಎಲ್ಲಿ ಹೋದ್ಯಮ್ಮಾ? ನಾನೂ ಇಲಿನೇ, ಬಾ' ಅಂತ."

ಬಟನ್ ಅಕ್ಕ ನೋಡಲು ಹೇಗಿದ್ದಾರೆ ಎಂದು ಪುಟ್ಟಿ ಕೇಳಿದಳು. ಅಮ್ಮನಿಗೂ ಗೊತ್ತಿರಲಿಲ್ಲ. ಆ ಗ್ರೂಪಿನ ಒಬ್ಬರನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ.

"ಇದೆಲ್ಲ ಹಳೇ ಮೆಸೇಜು ಪುಟ್ಟಿ. ಈಗ ಅಲ್ಲಿಗೆ ಯಾರೂ ಅಷ್ಟಾಗಿ ಬರಲ್ಲ."

ಹಾಗೆಂದರೂ ಅಮ್ಮ "ಯಾರಿದ್ದೀರಿ?" ಎಂದು ಟೈಪ್ ಮಾಡಿ, ಫೋನನ್ನು ಮಷೀನಿನ ಪಕ್ಕ ಇಟ್ಟಳು. ಒಂದು ತೋಳು ಹೊಲಿದು ಫೋನ್ ನೋಡಿದಳು. ಕಾಲರ್ ತಿರುಗಿಸಿ ಮತ್ತೆ ನೋಡಿದಳು. ಯಾರೂ ಉತ್ತರ ಕೊಡಲಿಲ್ಲ.

ಅಮ್ಮನಿಗೆ ಫೋನಿನ ತುಂಬ ಸ್ನೇಹಿತರಿದ್ದಾರೆ ಎಂದು ಪುಟ್ಟಿ ಇಷ್ಟು ದಿನ ಹೊಟ್ಟೆ ಉರಿದುಕೊಂಡಿದ್ದಳು. ಈಗ ಅಮ್ಮನ ಬಗ್ಗಿದ ಬೆನ್ನು ನೋಡಿ ಅವಳಿಗೆ ಸಂಕಟವಾಯಿತು. ನಲ್ಲಿಯ ಹತ್ತಿರ ತಾನೂ ಹೀಗೇ ಕೂತಿದ್ದೆನಲ್ಲ ಅನ್ನಿಸಿತು.

"ನಾನು ಹಲ್ಲಿ," ಎಂದಳು ಮೆಲ್ಲಗೆ.

ಮಷೀನು ನಿಂತಿತು. "ಏನಂದೆ?"

"ಹಲ್ಲಿ. ಕ್ಲಾಸಲ್ಲಿ ಎಲ್ಲರೂ ನನ್ನನ್ನ ಹಾಗೇ ಕರೀತಾರೆ."

ಅಮ್ಮ ನಗಲಿಲ್ಲ. ಸ್ಟೂಲಿನ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. ಪುಟ್ಟಿ ಕೂತು, ಬೋರ್ಡಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. 'ಪುಟ್ಟ ಹಲ್ಲಿ' ಬರುವಾಗ ಅಮ್ಮನ ತುಟಿ ಅದುರಿತು. ನಗಲೋ ಬೇಡವೋ ಎಂದು ಅವಳು ಮಗಳ ಮುಖವನ್ನೇ ನೋಡುತ್ತ ಕಾದಳು.

ಮೊದಲು ನಕ್ಕಿದ್ದು ಪುಟ್ಟಿಯೇ.